ನೊಣಕ್ಕಿಟ್ಟ ಹೆಸರು

“ನಾನೂ ಕಾಲೇಜಿಗೆ ಬತ್ತೆ” ಎಂದು ಅಕ್ಕ ಹೇಳಿದಾಗ ತ್ರ್ಯಂಬಕ ಬಾಯಲ್ಲಿದ್ದ ದೋಸೆಯನ್ನು ಅಗಿಯುವುದು ಮರೆತು ಹಾಗೇ ಕೂತ. ಮಹಾದೇವಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಕೆಂಪು ಸೀರೆಯ ಸೆರಗು ಬೋಳುತಲೆಯಿಂದ ಹಿಂದಕ್ಕೆ ಜಾರಿ, ಕುತ್ತಿಗೆಯ ಮೇಲೆ ಚಿಗುರಿದ ಬಿಳಿಗೂದಲು ಬೆಂಕಿಯ ಬೆಳಕಿಗೆ ಕಾಣುತ್ತಿತ್ತು. ತಾನು ಅದನ್ನು ನೋಡಬಾರದಿತ್ತು ಎನ್ನಿಸಿ ಅವನು ಕಣ್ಣು ಕೆಳಗೆ ಮಾಡಿದ. “ಅಲ್ಲೆಲ್ಲ ಇಂಗ್ಲಿಷಲ್ಲೇ ಮಾತಾಡ್ತ ಅಕ್ಕ. ನಿಂಗೆ ಬೇಜಾರು ಬತ್ತು” ಎಂದ. “ಬೇಜಾರು ಬಂದ್ರೆ ಸುಮ್ಮಂಗೆ ಕೂತ್ಕತ್ತೆ. ಪ್ರಿನ್ಸಿಪಾಲರೇ ಬಾಗಿಲಿಗೆ ಬಂದು ಕರೆದಿಕ್ಕಿ ಹೋಯ್ದ. ಹೋಗದೇ ಇದ್ರೆ ಚೊಲೋ ಕಾಣ್ತಿಲ್ಲೆ” ಎಂದಳು ಅವಳು, ಕಾವಲಿಯ ಮೇಲಿನ ದೋಸೆ ಮಗುಚುತ್ತ. ಕುಮಟೆಗೆ ಬಂದು ಇಷ್ಟು ವರ್ಷವಾದರೂ ಅವನು ಪ್ರಾಣಿಶಾಸ್ತ್ರ ಕಲಿಸುವ ಕಾಲೇಜಿನ ಗೇಟನ್ನು ಅವಳು ಕಂಡವಳಲ್ಲ. ಮನೆ, ಬಾವಿಕಟ್ಟೆ, ಏಕಾದಶಿಗೆ ದೇವಸ್ಥಾನ, ವರ್ಷಕ್ಕೊಮ್ಮೆ ಧಾರೇಶ್ವರ. ಇಷ್ಟರೊಳಗೇ ಓಡಾಡಿದವಳು ಈಗ ಅವನಿಗಾಗಿ ಕಾಲೇಜು ಕರೆದ ಸನ್ಮಾನದ ಸಭೆಗೆ ಬರುವವಳಿದ್ದಳು. ಏಕೆಂದರೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅವಳ ಹೆಸರು ಅಚ್ಚಾಗಿತ್ತು. ಲೋಕದಲ್ಲಿ ಈವರೆಗೆ ಯಾರೂ ಗುರುತಿಸದಿದ್ದ ಒಂದು ನೊಣವನ್ನು ಅವಳ ತಮ್ಮ ವಿವರಿಸಿ, ಅದಕ್ಕೆ ಅವಳ ಹೆಸರನ್ನಿಟ್ಟಿದ್ದ. ಪಕ್ಕದ ಮನೆಯ ಸುಮತಿಗೆ, ಹಾಲಿನ ಹೊನ್ನಿಗೆ, ದೇವಸ್ಥಾನದ ಭಟ್ಟರಿಗೆ, ಎಲ್ಲರಿಗೂ ಅವಳು ಇದನ್ನು ಹೇಳಿಯಾಗಿತ್ತು. ಅದು ಎಂಥ ನೊಣ ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಅವನನ್ನು ಕೇಳಿರಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆನೇ ಎಂದು ಅವನು ಬಚ್ಚಲಿನಲ್ಲಿ ನಿಂತು ತನ್ನನ್ನೇ ಕೇಳಿಕೊಂಡ. ಭಟ್ಕಳದ ಪೇಟೆಯಾಚೆ ಒಂದು ದೊಡ್ಡ ಹಳೆಯ ಮನೆ, ಅದರ ಯಜಮಾನರು ಕೊಲಂಬೊದಲ್ಲಿ ವ್ಯಾಪಾರಕ್ಕೆ ನಿಂತುಬಿಟ್ಟದ್ದರಿಂದ ಬೀಗ ಬಿದ್ದಿತ್ತು. ಅದರ ಅಟ್ಟದಲ್ಲಿ ಬಾವಲಿಗಳು. ಬೀಗದ ಕೈ ಇಟ್ಟುಕೊಂಡಿದ್ದ ನೆರೆಮನೆಯ ಮುದುಕ ಬಾಗಿಲು ತೆಗೆದುಕೊಟ್ಟು, “ಇವನ್ನ ಹಿಡಿಲಿಕ್ಕೆ ಕಾಲೇಜು ಕಲೀಬೇಕಾ ಸಾಹೇಬ್ರೆ” ಎಂದು ನಕ್ಕಿದ್ದ. ಎರಡು ಬಾವಲಿಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ತ್ರ್ಯಂಬಕ ಬಸ್ಸು ಹತ್ತಿದ. ಕಾಸರಕೋಡಿನಲ್ಲಿ ಇಳಿದು ಶರಾವತಿ ದಾಟಲು ಲಾಂಚಿನಲ್ಲಿ ಕೂತಾಗ ಚೀಲದೊಳಗೆ ಅವು ಕಿಚಕಿಚ ಎಂದವು. ಎದುರು ಕೂತ ಮೀನಿನ ಬುಟ್ಟಿಯ ಹೆಂಗಸರು ಮೂಗು ಮುಚ್ಚಿಕೊಂಡರು. ಮೀನು ಮಾರುವವರೇ ಮೂಗು ಮುಚ್ಚುವಂಥ ನಾತ ತನ್ನಿಂದ ಬರುತ್ತಿದೆ ಎಂದು ಅವನ ಕಿವಿ ಕಾದವು. ಚೀಲದಲ್ಲೇನು ಎಂದು ಯಾರೋ ಕೇಳಿದ್ದಕ್ಕೆ “ಬೆಕ್ಕಿನ ಮರಿ” ಎಂದುಬಿಟ್ಟ. ಮನೆಗೆ ಬಂದಾಗ ಅಕ್ಕ ಏನೂ ಕೇಳದೆ ಬಾವಿಕಟ್ಟೆಯಲ್ಲೇ ಅವನನ್ನು ನಿಲ್ಲಿಸಿ ಕೊಡಕೊಡ ನೀರು ಹೊಯ್ದಿದ್ದಳು, ಅವನು ನಡುವಯಸ್ಸಿನ ಗಂಡಸಲ್ಲ, ಗದ್ದೆಯಲ್ಲಿ ಬಿದ್ದುಬಂದ ಪೋರ ಎಂಬ ಹಾಗೆ. ಮರುದಿನ ಪ್ರಯೋಗಶಾಲೆಯಲ್ಲಿ ಬಾವಲಿಯ ರೋಮ ಬಿಡಿಸಿ ನೋಡುವಾಗ ಅದು ಕಂಡಿತು. ಜೇಡದ ಹಾಗೆ ಉದ್ದ ಕಾಲು, ಬೆನ್ನಿನ ಮೇಲಕ್ಕೆ ಮಡಚಿಟ್ಟ ಪುಟ್ಟ ತಲೆ, ಕಣ್ಣು ಇದ್ದೂ ಇಲ್ಲದ ಹಾಗೆ. ನೊಣದ ಕುಲದ್ದೇ, ಆದರೆ ರೆಕ್ಕೆಯಿಲ್ಲ. ಹಾರುವುದೆಲ್ಲ ಬಾವಲಿಯ ಪಾಲಿಗೆ. ಇದರದು ರೋಮ ಹಿಡಿದು ಅಂಟಿಕೊಂಡು ರಕ್ತ ಹೀರುವುದು.

ಅವನು ಕಳಿಸಿದ್ದ ಮಾದರಿ ನೋಡಿ ಲಂಡನ್ನಿನ ಪರಿಣತರು, ಹೌದು, ಇದು ಹೊಸ ಜಾತಿ, ನೀವೇ ವಿವರಿಸಿ ಹೆಸರಿಡಿ ಎಂದು ಬರೆದ ವಾರವೇ ಕಲ್ಕತ್ತೆಯಿಂದ ಇನ್ನೊಂದು ಕಾಗದ ಬಂತು. ಅಲ್ಲಿಯ ಸಂಶೋಧನಾಲಯದಲ್ಲಿ ಕೀಟಗಳ ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ, ನಿಮಗೆ ಮನಸ್ಸಿದ್ದರೆ ತಿಳಿಸಿ. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಅಕ್ಕನಿಗೆ ಹೇಳಿದರೆ ಅವಳು ಏನು ಹೇಳುತ್ತಾಳೆ ಎಂದು ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಕಲ್ಕತ್ತೆಯ ಬಾಡಿಗೆ ಕೋಣೆಯಲ್ಲಿ ಮಡಿ ಮಾಡಿಕೊಂಡು ಅವಳು ಇರುವುದು ಸಾಧ್ಯವಿರಲಿಲ್ಲ. ಅವಳನ್ನು ಬಿಟ್ಟು ಹೋಗಲು ಬೇರೆ ಮನೆಯಿರಲಿಲ್ಲ. ಹೆಣ್ಣು ಕೊಡಲು ಬಂದ ಒಂದೆರಡು ಸಂಬಂಧಗಳೂ ಹಾಗೇ ತಪ್ಪಿದ್ದವು. ಅವಳಿಂದಾಗಿ ತಪ್ಪಿದವು ಎಂದು ಯಾರೂ ಹೇಳಿರಲಿಲ್ಲ, ಅವನೊಬ್ಬನೇ ಒಳಗೊಳಗೆ ಹೇಳಿಕೊಂಡಿದ್ದ. ಮದುವೆಯಾಗಿ ಗಂಡನ ಮನೆಗೆ ಹೋಗುವ ಮೊದಲೇ ವಿಧವೆಯಾದ ಹುಡುಗಿ ಅವಳು. ಅಬ್ಬೆ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅಂದಿನಿಂದ ಅವಳೇ ಎತ್ತಿ ಆಡಿಸಿದ್ದು, ಅಕ್ಷರ ಬಾರದಿದ್ದರೂ ಅವನ ಪಕ್ಕ ಕೂತು ಪಾಠ ಓದಿಸಿದ್ದು. ಅದೆಲ್ಲ ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಿರುವುದೇ ಒಂದೊಂದು ದಿನ ಎದೆಯ ಮೇಲೆ ಕಲ್ಲು ಇಟ್ಟ ಹಾಗಿರುತ್ತಿತ್ತು. ಆ ಭಾನುವಾರ ಮಧ್ಯಾಹ್ನ ಅವನು ಮನೆಯಲ್ಲಿ ಕೂತು ವಿವರಣೆಯ ಕೊನೆಯ ಪುಟ ಬರೆಯುತ್ತಿದ್ದ. ರೆಕ್ಕೆಗಳು ಸಂಪೂರ್ಣ ಇಲ್ಲ. ಉಗುರುಗಳು ಬಲವಾಗಿವೆ. ಆಶ್ರಯ ಕೊಟ್ಟ ಪ್ರಾಣಿಯನ್ನು ಬಿಟ್ಟರೆ ಬಹಳ ಹೊತ್ತು ಬದುಕುವುದಿಲ್ಲ. ಆಗ ಅಕ್ಕ ಬಾಗಿಲ ಬಳಿ ಬಂದು, “ತಮಾ, ಚಾ ಈಗ್ಲೇ ಮಾಡ್ಲಾ, ಸ್ವಲ್ಪ ತಡೆದು ಮಾಡ್ಲಾ” ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಹಿಂದೆಯೂ ಅದನ್ನೇ ಕೇಳಿದ್ದಳು. ಅವನು ತಲೆ ಎತ್ತದೆ ಬರೆಯುತ್ತಲೇ ಹೋದ. ಅವಳು ಹೊಸ್ತಿಲ ಮೇಲೆ ಅಂಟಿಕೊಂಡವಳಂತೆ ನಿಂತೇ ಇದ್ದಳು. ಇದು, ಎಂದು ಅವನ ಮನಸ್ಸು ಹೇಳಿತು. ಇದೇ. ಪೆನ್ನು ಹೆಸರಿನ ಜಾಗದಲ್ಲಿ ಅವಳ ಹೆಸರನ್ನು ಬರೆದು, ಲ್ಯಾಟಿನ್ನಿನ ಪ್ರತ್ಯಯ ಹಚ್ಚಿ, ಮುಂದಿನ ಸಾಲಿಗೆ ಹೋಗಿಬಿಟ್ಟಿತು. ಬರೆದದ್ದನ್ನು ಅವನು ಇನ್ನೊಮ್ಮೆ ಓದಿದ. ಹೊಡೆದುಹಾಕಬಹುದಿತ್ತು. ಅದರ ಬದಲು ಅವನು ಕೆಳಗೆ ಇನ್ನೊಂದು ಸಾಲು ಸೇರಿಸಿದ: ತನ್ನನ್ನು ಸಾಕಿ ಬೆಳೆಸಿದ ಹಿರಿಯ ಸೋದರಿಗೆ ಕೃತಜ್ಞತೆಯಿಂದ ಈ ಹೆಸರು. ಆ ಸಾಲೂ ಸುಳ್ಳಲ್ಲ ಎಂಬುದೇ ಆಮೇಲಾಮೇಲೆ ಅವನನ್ನು ಹೆಚ್ಚು ತಿನ್ನತೊಡಗಿತು. ತಲೆ ಎತ್ತಿ, “ನಿನ್ನ ಹೆಸರು ಇಟ್ಟೆ ಅಕ್ಕ, ಒಂದು ನೊಣಕ್ಕೆ” ಎಂದಿದ್ದ. ಅವಳು ಅರ್ಥವಾಗದೆ ನಿಂತು, ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವಳು ಹಾಗೆ ನಕ್ಕದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಕಲ್ಕತ್ತೆಗೆ, ಮನೆಯ ಜವಾಬ್ದಾರಿಯಿಂದಾಗಿ ಸದ್ಯ ಬರಲಾಗದು ಎಂದು ಅದೇ ಸಂಜೆ ಬರೆದು ಹಾಕಿದ.

ಸಭೆ ನಾಲ್ಕು ಗಂಟೆಗೆ. ಅಕ್ಕ ಅವನಿಗಿಂತ ನಾಲ್ಕು ಹೆಜ್ಜೆ ಹಿಂದೆ, ರಸ್ತೆಯ ಅಂಚಿನಲ್ಲಿ ಬರಿಗಾಲಲ್ಲಿ ನಡೆದು ಬಂದಳು. ಎದುರು ಬಂದ ವಿದ್ಯಾರ್ಥಿಗಳು ಅವನಿಗೆ ನಮಸ್ಕರಿಸಿ, ಅವಳತ್ತ ನೋಡಿ, ಕಣ್ಣು ತೆಗೆದರು. ಅವನಿಗೆ ಹೆಜ್ಜೆ ನಿಧಾನ ಮಾಡಬೇಕು, ಅವಳ ಸಮಕ್ಕೆ ನಡೆಯಬೇಕು ಅನ್ನಿಸಿತು. ಮಾಡಲಿಲ್ಲ. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ತಾವೇ ಇಳಿದು ಬಂದು ಅವಳನ್ನು ಮೊದಲ ಸಾಲಿನ ಕುರ್ಚಿಗೆ ಕರೆದೊಯ್ದರು. ಅವಳು ಕುರ್ಚಿಯ ತುದಿಯಲ್ಲಿ, ಯಾವಾಗ ಏಳೆಂದರೂ ಏಳುವವಳ ಹಾಗೆ ಕೂತಳು. ಹೂವಿನ ತಟ್ಟೆ ಹಿಡಿದು ಬಂದ ಹುಡುಗಿ ಅವಳ ಮುಂದೆ ನಿಂತು, ಕೊಡಬೇಕೋ ಬೇಡವೋ ತಿಳಿಯದೆ ತಬ್ಬಿಬ್ಬಾಗಿ, ಮುಂದಿನ ಕುರ್ಚಿಗೆ ಹೋದಳು. ವೇದಿಕೆಯಿಂದ ತ್ರ್ಯಂಬಕನಿಗೆ ಎಲ್ಲ ಕಾಣುತ್ತಿತ್ತು. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಹೊಗಳಿ ಮುಗಿಸಿ, “ಇವತ್ತು ಊರಿನ ಹಿರಿಯರೂ ಬಂದಿದ್ದಾರೆ. ತ್ರ್ಯಂಬಕ ಹೆಗಡೆಯವರು ತಮ್ಮ ಶೋಧವನ್ನು ಕನ್ನಡದಲ್ಲೇ ತಿಳಿಸಬೇಕು” ಎಂದರು. ಇಂಗ್ಲಿಷಿನ ಮರೆಯಲ್ಲಿ ನಿಲ್ಲಬಹುದೆಂದು ನಂಬಿ ಬಂದವನು ಬರೆದು ತಂದ ಕಾಗದವನ್ನು ಮಡಚಿ ಜೇಬಿಗೆ ಹಾಕಿದ. ಇದೊಂದು ಅಪರೂಪದ ನೊಣ ಎಂದ. ಬಾವಲಿಯ ಸಂಗಡ ಇರುತ್ತದೆ ಎಂದ. ಅದರ ಕಾಲುಗಳ ರಚನೆ ಬಹಳ ಸೂಕ್ಷ್ಮ ಎಂದ. ಕಾಲುಗಳ ಮಾತನ್ನೇ ಇನ್ನೊಮ್ಮೆ ಹೇಳಿದ. ಅವನು ತಡವರಿಸುವುದನ್ನು ಕಂಡು ಪಕ್ಕದಲ್ಲಿದ್ದ ರಸಾಯನಶಾಸ್ತ್ರದ ವೆಂಕಟ್ರಮಣ ಶಾನಭಾಗರು, ಎಲ್ಲರಿಗೂ ಬೇಕಾದ ತಮಾಷೆಯ ಮನುಷ್ಯ, ಸಹಾಯಕ್ಕೆ ಬಂದರು. “ನಮ್ಮ ಹೆಗಡೆಯವ್ರಿಗೆ ಸಂಕೋಚ. ನಾನು ಸರಳ ಮಾಡಿ ಹೇಳ್ತೆ. ಇದಕ್ಕೆ ರೆಕ್ಕೆ ಇಲ್ಲ, ಕಣ್ಣು ಸರಿ ಇಲ್ಲ. ಬಾವಲಿ ಮೈಗೆ ಅಂಟಿಕೊಂಡು ಅದರ ರಕ್ತ ಕುಡಿದು ಬದುಕೂದು. ಬಾವಲಿ ಹೇನು ಅಂತ ತಿಳ್ಕೊಳ್ಳಿ ಮಾರಾಯ್ರೆ, ಆತು.” ಸಭೆ ನಕ್ಕಿತು. ಅದು ಕೆಟ್ಟ ನಗುವಲ್ಲ. ಆದರೆ ಆ ನಗು ಇಳಿಯುವಷ್ಟರಲ್ಲಿ ಪ್ರಿನ್ಸಿಪಾಲರು ಎದ್ದು, ಗಂಭೀರವಾದ ದನಿಯಲ್ಲಿ, “ಇಂಥ ಜೀವಿಗೆ ತಮ್ಮ ಪೂಜ್ಯ ಸೋದರಿಯವರ ಹೆಸರನ್ನಿಟ್ಟು ಹೆಗಡೆಯವರು ಋಣ ತೀರಿಸಿದ್ದಾರೆ” ಎಂದುಬಿಟ್ಟರು. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ತಾವೇನು ತಪ್ಪು ಹೇಳಿದೆವೆಂದು ತಿಳಿಯದೆ ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು. ಶಾನಭಾಗರ ಮುಖ ಬಿಳಿಚಿತು. ಅಕ್ಕ ನಗುವ ಸಭೆಯತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ, ಎಲ್ಲರೂ ನಗುವಾಗ ತಾನೊಬ್ಬಳೇ ನಗದಿರುವುದು ಮರ್ಯಾದೆಯಲ್ಲ ಎಂಬ ಹಾಗೆ, ತಾನೂ ಸ್ವಲ್ಪ ನಕ್ಕಳು. ತ್ರ್ಯಂಬಕನಿಗೆ ಆ ನಗು ಸಹಿಸಲಾಗಲಿಲ್ಲ. ಅವನು ನೀರು ಕುಡಿದ. ಖಾಲಿಯಾದ ಮೇಲೂ ಲೋಟವನ್ನು ಬಾಯಿಗೇ ಹಿಡಿದುಕೊಂಡಿದ್ದ.

ಜನ ಚೆದುರಿದ ಮೇಲೆ ಅವಳೇ ಅವನ ಹತ್ತಿರ ಬಂದಳು. “ಅದನ್ನ ತೋರ್ಸು” ಎಂದಳು. ಮನೆಗೆ ಹೋಗುವ, ಹೊತ್ತಾತು ಎಂದು ಅವನು ಹೇಳಿದ್ದನ್ನು ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಪ್ರಯೋಗಶಾಲೆಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಅವನು ಸ್ಲೈಡು ಇಟ್ಟು, ಕನ್ನಡಿ ತಿರುಗಿಸಿ, ಯಾವ ಕಣ್ಣು ಮುಚ್ಚಬೇಕು, ಹೇಗೆ ಬಾಗಬೇಕು ಎಂದು ತೋರಿಸಿದ. ಮೊದಲು ಅವಳಿಗೆ ಏನೂ ಕಾಣಲಿಲ್ಲ. “ಬರೀ ಬೆಳಕು” ಎಂದಳು. ಅವನು ತಿರುಪು ತಿರುಗಿಸಿದ. ಅವಳು ಬಹಳ ಹೊತ್ತು ನೋಡಿದಳು. ಅವಳ ಬೋಳುತಲೆ ಅವನ ಕಣ್ಣಿನ ಕೆಳಗೇ ಇತ್ತು, ಅದರ ಮೇಲೊಂದು ಹಳೆಯ ಕಲೆ, ಯಾವಾಗಲೋ ಕ್ಷೌರದ ಕತ್ತಿ ತಗುಲಿದ್ದು. ಅವನಿಗೆ ಏನಾದರೂ ಹೇಳಲೇಬೇಕಾಗಿ ಬಂತು. “ಇದು ಮೊಟ್ಟೆ ಇಡ್ತಿಲ್ಲೆ ಅಕ್ಕ. ಒಂದೇ ಒಂದು ಮರೀನ ಹೊಟ್ಟೆಯೊಳಗೇ ಇಟ್ಕಂಡು, ಹಾಲು ಕೊಟ್ಟ ಹಂಗೆ ಉಣ್ಸಿ, ದೊಡ್ಡದು ಮಾಡಿ ಆಮೇಲೆ ಹೆರ್ತು. ಮನೇಲಿಪ್ಪ ನೊಣ ಹಿಂಗೆಲ್ಲ ಸಾಕ್ತಿಲ್ಲೆ. ಅದಕ್ಕಾಗಿಯೇ ನಿನ್ನ ಹೆಸರು…” ಮಾತು ಆಡುತ್ತಿದ್ದಂತೆಯೇ ಅದು ಎಷ್ಟು ಸರಿಯಾಗಿ ಕೂಡುತ್ತದೆಂದು ಅವನಿಗೇ ಆಶ್ಚರ್ಯವಾಯಿತು, ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದೂ ಅನ್ನಿಸಿತು. ಅಕ್ಕ ಮಸೂರದಿಂದ ಕಣ್ಣು ತೆಗೆಯದೆಯೇ, “ಇದು ಈಗ ನೆನಪಾತ?” ಎಂದಳು. ಅವನು ಕನ್ನಡಿಯನ್ನು ಬೆಳಕಿಗೆ ಇನ್ನಷ್ಟು ತಿರುಗಿಸಿದ. ಅವಳೇ ಮತ್ತೆ ಕೇಳಿದಳು:

“ಇದು ಮೈಮೇಲೆ ಇಪ್ಪುದು ಬಾವಲಿಗೆ ಗೊತ್ತಾಗ್ತ?”

“ಗೊತ್ತಾಗ್ತು.”

“ಎಂತ ಮಾಡ್ತು ಆವಾಗ?”

“ಉಗುರಲ್ಲಿ ಕೆರ್ಕತ್ತು. ಇದು ರೋಮದ ಒಳಗೆ ಓಡಿ ಅಡಗ್ತು.”

“ಕಿತ್ತು ಹೊರಗೆ ಇಟ್ರೆ?”

ಅವನು ಸ್ಲೈಡುಗಳ ಪೆಟ್ಟಿಗೆ ಮುಚ್ಚತೊಡಗಿದ. ಅವಳು ತಲೆ ಎತ್ತಿದಳು. ಬಾಗಿ ನೋಡಿದ್ದರಿಂದ ಒಂದು ಕಣ್ಣಿನ ಸುತ್ತ ಉಂಗುರದಂಥ ಗುರುತು ಬಿದ್ದಿತ್ತು. “ಸಾಯ್ತು, ಅಲ್ದಾ?” ಎಂದು ತಾನೇ ಹೇಳಿ, “ಕಾಲು ಮಾತ್ರ ಚೊಲೋ ಇದ್ದು. ಅಡ್ಡಿಲ್ಲೆ. ನಡೆ, ಹಾಲು ಕಾಸಕ್ಕು” ಎಂದಳು. ದಾರಿಯಲ್ಲಿ ಅವನು ಅವಳ ಸಮಕ್ಕೆ ನಡೆಯಲು ನೋಡಿದ. ಅವನು ನಿಧಾನವಾದಾಗಲೆಲ್ಲ ಅವಳೂ ನಿಧಾನವಾಗಿ, ನಡುವಿನ ದೂರ ಹಾಗೇ ಉಳಿಯಿತು.

ಮುಂದಿನ ದಿನಗಳಲ್ಲಿ ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಊಟ ಬಿಡುತ್ತಾಳೆ ಎಂದು ಅವನು ಕಾದ. ಕ್ಷಮೆ ಕೇಳಲು ಅಂಥದೊಂದು ಸಂದರ್ಭ ಬೇಕಿತ್ತು. ಅವಳು ಯಾವುದನ್ನೂ ಮಾಡಲಿಲ್ಲ. ಅಡಿಗೆ ಮಾಡಿದಳು, ಬಡಿಸಿದಳು, ಅಂಗಳ ಗುಡಿಸಿದಳು. ಚಹಾ ಈಗಲೋ ಆಮೇಲೋ ಎಂದು ಕೇಳುವುದನ್ನು ಮಾತ್ರ ಬಿಟ್ಟಳು. ಮಾಡಿ, ಲೋಟವನ್ನು ಮೇಜಿನ ಮೂಲೆಯಲ್ಲಿಟ್ಟು ಹೋಗುತ್ತಿದ್ದಳು. ಹೀಗಿರುವಾಗ ಒಂದು ದಿನ ಅವನು ಕಾಲೇಜಿನಿಂದ ಬರುವಾಗ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಸುಮತಿ ಬೀಗದ ಕೈ ತಂದುಕೊಟ್ಟು, “ಮಾದೇವಕ್ಕ ವಿದ್ಯಾರ್ಥಿಗಳ ವಸತಿಗೃಹಕ್ಕೆ ಹೋಯ್ದು. ಅಲ್ಲಿ ಅಡಿಗೆ ಮಾಡಲೆ ಒಪ್ಪಿದ್ದಡ. ನಿಂಗೆ ಹೇಳಿದ್ದಿಲ್ಯ?” ಎಂದಳು. ಅವನು ಹೇಳಿದ್ದಳು, ಹೇಳಿದ್ದಳು, ನಾನೇ ಮರೆತೆ ಎಂದ. ಒಳಗೆ ಅವನಿಗಾಗಿ ಅನ್ನ ಮುಚ್ಚಿಟ್ಟಿತ್ತು. ಸಂಜೆ ಅವಳು ಬಂದು ಕಾಲು ತೊಳೆಯುವಾಗ ಅವನು ಬಾಗಿಲಲ್ಲಿ ನಿಂತು, ಮೊದಲೇ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಬಿಟ್ಟು, “ಜನ ಎಂತ ಹೇಳ್ತ? ಲೆಕ್ಚರರನ ಅಕ್ಕ ಮೆಸ್ಸಿನಲ್ಲಿ ಅಡಿಗೆ ಮಾಡ್ತು ಅಂದ್ರೆ ನಂಗೆ ತಲೆ ಎತ್ತಲೆ ಆಗ್ತ?” ಎಂದು ಕೇಳಿದ. ಕೇಳಿದ ಮೇಲೆ ತನ್ನ ದನಿ ತನಗೇ ಹೇಸಿಗೆಯಾಯಿತು. ಅವಳು ಕಾಲು ಒರೆಸಿಕೊಳ್ಳುತ್ತ, “ಮೂವತ್ತು ಪೋರರಿದ್ದ ಅಲ್ಲಿ. ಅಡಿಗೆಯಂವ ಓಡಿಹೋಗಿ, ಬರೀ ಗಂಜಿ ಉಣ್ತಿದ್ವಡ. ನಂಗೆ ಗೊತ್ತಿಪ್ಪ ಕೆಲಸ ಅದು” ಎಂದಳು. ಸ್ವಲ್ಪ ತಡೆದು, ಅವನ ಮುಖ ನೋಡದೆ, “ರಾತ್ರಿ ಮಲಗಲೂ ಅಲ್ಲೇ ಒಂದು ಕೋಣೆ ಕೊಡ್ತ. ಈಗ ನೀ ಕಲ್ಕತ್ತೆಗೆ ಹೋಗ್ಲಕ್ಕು” ಎಂದಳು. ಕಲ್ಕತ್ತೆಯ ಮಾತು ನಿನಗೆ ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. ಆ ಕಾಗದ ಬಂದ ದಿನಗಳಲ್ಲಿ ಇಡೀ ಕಾಲೇಜಿಗೆ ಅವನೇ ಹೇಳಿಕೊಂಡು ತಿರುಗಿದ್ದ: ಹೋಗಬಹುದಿತ್ತು, ಏನು ಮಾಡಲಿ, ಅಕ್ಕ ಇದ್ದಾಳೆ.

ಅವಳು ಹೋದ ಮೇಲೆ ಮನೆ ದೊಡ್ಡದಾಯಿತು. ಕಲ್ಕತ್ತೆಯ ಜಾಗ ಇನ್ನೂ ಖಾಲಿಯಿದೆ ಎಂದು ಯಾರೋ ಬಂದು ಹೇಳಿದರು. ಅವನು ಕಾಗದ ತೆಗೆದು, ಮಾನ್ಯರೇ ಎಂದು ಬರೆದು, ಪರೀಕ್ಷೆ ಮುಗಿಯಲಿ ಎಂದು ಎತ್ತಿಟ್ಟ. ಪರೀಕ್ಷೆ ಮುಗಿಯಿತು. ಅಲ್ಲಿಯ ನೀರು ತನಗೆ ಆಗಿಬರುವುದಿಲ್ಲವೇನೋ ಎನ್ನಿಸಿತು. ಭಾಷೆ ಬರುವುದಿಲ್ಲ, ಈ ವಯಸ್ಸಿನಲ್ಲಿ ಹೊಸಬರ ಕೈಕೆಳಗೆ ಯಾಕೆ ದುಡಿಯಬೇಕು, ಭಟ್ಕಳದ ಅಟ್ಟದಲ್ಲಿ ಇನ್ನೂ ಏನೇನಿದೆಯೋ. ಒಂದೊಂದು ಕಾರಣ ಹೊಳೆದಾಗಲೂ ಅವನಿಗೆ ಒಂದು ಬಗೆಯ ಬಿಡುಗಡೆಯಾಗುತ್ತಿತ್ತು, ಮರುಕ್ಷಣ ಆ ಬಿಡುಗಡೆಗೇ ನಾಚಿಕೆಯಾಗುತ್ತಿತ್ತು. ಖಾನಾವಳಿಯ ಊಟ ಒಗ್ಗದೆ ಮೈ ಇಳಿಯಿತು. ಒಂದು ಮಧ್ಯಾಹ್ನ ಶಾನಭಾಗರು ದಾರಿಯಲ್ಲಿ ಸಿಕ್ಕಿ, “ನಿಮ್ಮ ಅಕ್ಕನ ಕೈಯ ತಂಬುಳಿ ಉಂಡೆ ಮಾರಾಯ್ರೆ, ನಿನ್ನೆ ಹಾಸ್ಟೆಲಿಗೆ ಕರೆದಿದ್ರು” ಎಂದು ಹೇಳಿ, ಆ ಸಭೆಯ ದಿನದಿಂದ ಆಡಲಾಗದೆ ಉಳಿದ ಏನನ್ನೋ ಆಡಲು ಹೋಗಿ, ಆಡದೆ ನಡೆದರು. ತ್ರ್ಯಂಬಕ ಆ ಬೀದಿಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ವಸತಿಗೃಹದ ಕಡೆ ತಿರುಗಿದ.

ಊಟದ ಕೋಣೆಯಲ್ಲಿ ಹುಡುಗರು ಎರಡು ಸಾಲಾಗಿ ಕೂತಿದ್ದರು. ಮೇಷ್ಟ್ರನ್ನು ಕಂಡು ಏಳಹೊರಟವರನ್ನು ಅವನು ಕೈ ಮಾಡಿ ಕೂರಿಸಿ, ಸಾಲಿನ ಕೊನೆಗೆ ತಾನೂ ಕೂತ. ಯಾರೋ ಅವನ ಮುಂದೆಯೂ ಎಲೆ ಹಾಕಿದರು. ಅಕ್ಕ ಅನ್ನದ ಪಾತ್ರೆ ಹಿಡಿದು ಒಳಗಿನಿಂದ ಬಂದಳು. ಅವನನ್ನು ಕಂಡಳು; ನಡಿಗೆ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಸಾಲಿನುದ್ದಕ್ಕೂ “ಅಕ್ಕಾ ಇಲ್ಲಿ”, “ಸಾಕು ಅಕ್ಕಾ” ಎಂದು ಹುಡುಗರು ಅನ್ನುತ್ತಿದ್ದರು. ಆ ಶಬ್ದವನ್ನು ಬೇರೆಯವರ ಬಾಯಲ್ಲಿ ಕೇಳಿ ಅವನಿಗೆ ರೂಢಿಯಿರಲಿಲ್ಲ. ಅವನ ಎಲೆಯ ಮುಂದೆ ಬಾಗಿ ಅನ್ನ ಹಾಕುತ್ತ ಅವಳು ಮೆಲ್ಲಗೆ, “ಕಲ್ಕತ್ತೆಗೆ ಬರೆದ್ಯ?” ಎಂದಳು.

“ಬರೆದೆ” ಎಂದ ಅವನು.

ಅವಳು ಅವನನ್ನು ನೋಡಿದಳು. ಸೋತ ಮುಖ, ಕೊಳೆಯಾದ ಕಾಲರು, ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿ, ಇನ್ನೊಂದು ಸಟ್ಟುಗ ಅನ್ನ ಹಾಕಿ, ಎದುರು ಸಾಲಿಗೆ ಹೋದಳು. ಅವನು ತಲೆ ತಗ್ಗಿಸಿ ಉಂಡ. ತಂಬುಳಿ, ಹುಳಿ, ಮಜ್ಜಿಗೆ. ಅವನ ಗಂಟಲಿಗೆ ಪರಿಚಯದ ರುಚಿ, ಮೂವತ್ತು ಜನರ ಅಳತೆಗೆ ತಕ್ಕ ಹಾಗೆ ಸ್ವಲ್ಪ ತೆಳ್ಳಗಾಗಿತ್ತು. ಅವನು ಉಂಡು ಮುಗಿಸಿ, ರೂಢಿಯಂತೆ ಎಲೆಯ ಮುಂದಿನಿಂದ ಎದ್ದು ಕೈ ತೊಳೆಯಲು ಹೊರಟ. ಪಕ್ಕದ ಹುಡುಗರು ಎದ್ದವರು ತಮ್ಮತಮ್ಮ ಎಲೆಗಳನ್ನು ಮಡಚಿ ಎತ್ತಿಕೊಳ್ಳುತ್ತಿದ್ದರು. ತಾನು ಹುಟ್ಟಿದಾರಭ್ಯ ಉಂಡ ಎಲೆಯನ್ನು ತಾನೇ ಎತ್ತಿದವನಲ್ಲ ಎಂದು ಅವನಿಗೆ ಆಗ, ಆ ಸಾಲಿನ ನಡುವೆ ನಿಂತಾಗ, ತಿಳಿಯಿತು. ಅವನು ತಿರುಗಿ ಬಂದು ಬಾಗಿದ. ಎಲೆ ಮಡಚುವಾಗ ಮಜ್ಜಿಗೆ ಅಂಗೈಯಿಂದ ಮೊಣಕೈವರೆಗೆ ಹರಿಯಿತು. ಅದನ್ನು ಎಲ್ಲಿ ಒಗೆಯಬೇಕೆಂದು ಗೊತ್ತಿರಲಿಲ್ಲ. ಅಕ್ಕ ಎದುರು ಸಾಲಿನಲ್ಲಿ ಯಾರಿಗೋ ಎರಡನೇ ಸಲ ಅನ್ನ ಬಡಿಸುತ್ತಿದ್ದಳು, ಇತ್ತ ನೋಡಲಿಲ್ಲ. ಅವನು ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹುಡುಗರ ಹಿಂದೆ ಹಿಂದೆ, ಹಿತ್ತಿಲ ಬಾಗಿಲಿನ ಕಡೆ ನಡೆದ.